ಮಾರಿ ಬಾ ಛೇ

ಆಕಳ ಮೇಲೆ ಮನುಷ್ಯರಿಗೆ ಅಷ್ಟೊಂದು ಹೇವರಿಕೆ ಇರಬಹುದೆಂದು ನನಗೆ ಗೊತ್ತಾದದ್ದು ವಡೋದರಾದ ಒಂದು ಪ್ರಾಥಮಿಕ ಶಾಲೆಯ ಮೂರನೇ ತರಗತಿಯಲ್ಲಿ. ಎಣ್ಣೆ ಸುರಿಯುವ ಜಡೆಯ ಹುಡುಗಿಯೊಬ್ಬಳು ಎದುರಿಗೆ ಬಂದು, ಕೈಕಟ್ಟಿ, ಕಣ್ಣನ್ನು ಫ್ಯಾನಿಗೆ ನೆಟ್ಟು, "ಗಾಯ್ ಪಾಲತೂ ಪ್ರಾಣೀ ಛೇ" ಎಂದಳು. ಗಾಯ್ ಎಂದರೆ ಆಕಳು ಅನ್ನುವಷ್ಟು ಹಿಂದಿ ಟೀವಿಯಿಂದ ಬಂದಿತ್ತು. ಆಕಳು ಸಾಕುಪ್ರಾಣಿ, ಛೇ. ಆಮೇಲೆ "ಗಾಯ್‌ನೇ ಚಾರ್ ಪಗ್ ಛೇ" ಎಂದಳು. ನಾಲ್ಕು ಕಾಲಿದೆಯಂತೆ, ಛೇ. "ಗಾಯ್ ದೂಧ್ ಆಪೇ ಛೇ." ಹಾಲು ಕೊಡುತ್ತದೆ, ಅದಕ್ಕೂ ಛೇ. ಆ ಬಡಪ್ರಾಣಿ ಇನ್ನೇನು ಮಾಡಿದ್ದರೆ ಇವಳಿಗೆ ಸಮಾಧಾನವಾಗುತ್ತಿತ್ತೋ ತಿಳಿಯದೆ ನಾನು ಬಾಯಿ ಬಿಟ್ಟುಕೊಂಡು ಕೂತಿದ್ದೆ. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು.

ನಾವು ಧಾರವಾಡದಿಂದ ಬಂದು ಆಗಿನ್ನೂ ವಾರವಾಗಿರಲಿಲ್ಲ. ತೊಂಬತ್ತರ ದಶಕದ ಮೊದಲ ವರ್ಷಗಳು. ಅಪ್ಪನಿಗೆ ವಿಮಾ ಕಚೇರಿಯಲ್ಲಿ ಕೆಲಸ. ವರ್ಗವಾಗಿ ಅಲ್ಕಾಪುರಿ ಬಡಾವಣೆಯ ಆಫೀಸಿಗೆ ಬಂದಿದ್ದರು. ಅವರ ಜೊತೆಗೆ ವರ್ಗವಾಗಿ ಬಂದ ಎಲ್ಲರೂ ಮಕ್ಕಳನ್ನು ರಿಕ್ಷಾದಲ್ಲಿ ತುಂಬಿ ಇಂಗ್ಲಿಷ್ ಶಾಲೆಗೆ ಕಳಿಸುತ್ತಿದ್ದರು. ಅಪ್ಪ ಮಾತ್ರ ನನ್ನನ್ನೂ ತಮ್ಮನನ್ನೂ ಮನೆಯ ಹಿಂದಿನ ಗುಜರಾತಿ ಶಾಲೆಗೆ ಹಾಕಿದರು. "ಯಾವ ನೆಲದಾಗ ಇರತೀವಿ ಆ ನೆಲದ ಭಾಷಾ ಕಲೀಬೇಕು. ಊರಿಗೆ ಬಂದಾಕಿ ನೀರಿಗೆ ಬರದಂಗ ಇರತಾಳೇನು?" ಎಂದು ಕೇಳಿದವರಿಗೂ ಕೇಳದವರಿಗೂ ಹೇಳಿದರು. ಈ ತತ್ವ ಅವರಲ್ಲಿ ಹುಟ್ಟಿದ್ದು ಇಂಗ್ಲಿಷ್ ಶಾಲೆಗಳ ಸೀಟೆಲ್ಲ ಮುಗಿದ ಮೇಲೆ. ತಾವು ಮಾತ್ರ ತರಕಾರಿಯವಳ ಹತ್ತಿರ ಬೆಂಡೆಕಾಯಿಗೆ ಇಂಗ್ಲಿಷಿನಲ್ಲಿ ಚೌಕಾಸಿ ಮಾಡುತ್ತಿದ್ದರು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಹೆಡ್‌ಮಾಸ್ತರರು ನನ್ನನ್ನು ಸೇರಿಸಿಕೊಂಡರು, ಆದರೆ ಒಂದು ಷರತ್ತು ಹಾಕಿದರು. ದೀಪಾವಳಿ ರಜೆಯೊಳಗೆ ನಾನು ತರಗತಿಯ ಮುಂದೆ ನಿಂತು ಗುಜರಾತಿಯಲ್ಲಿ ನಾಲ್ಕು ಮಾತು ಆಡಿ ತೋರಿಸಬೇಕು. ಇಲ್ಲದಿದ್ದರೆ ಒಂದನೇ ತರಗತಿಗೆ ಇಳಿಸುತ್ತಾರೆ. ಒಂದನೇ ತರಗತಿಯಲ್ಲಿ ನನ್ನ ತಮ್ಮನಿದ್ದ. ಮೂಗು ಒರೆಸಿಕೊಳ್ಳಲು ಬಾರದ, ಚಡ್ಡಿಯ ಗುಂಡಿಯನ್ನು ನನ್ನಿಂದಲೇ ಹಾಕಿಸಿಕೊಳ್ಳುತ್ತಿದ್ದ ತಮ್ಮ. ಅವನ ಪಕ್ಕದಲ್ಲಿ ಅದೇ ಬೆಂಚಿನ ಮೇಲೆ ಕೂತು 'ಕ ಕಮಳ' ಎಂದು ಕೂಗುವುದಕ್ಕಿಂತ ನರ್ಮದಾ ನದಿಗೆ ಬೀಳುವುದು ಲೇಸು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡಿದ್ದೆ. ನರ್ಮದಾ ಎಲ್ಲಿದೆ ಎಂಬುದು ಗೊತ್ತಿರಲಿಲ್ಲ, ಅದು ಬೇರೆ ಮಾತು.

ನಮ್ಮ ಟೀಚರನ್ನು ಎಲ್ಲರೂ 'ಬೆನ್' ಎನ್ನುತ್ತಿದ್ದರು. ಬೆನ್ ಎಂದರೆ ಅಕ್ಕ. ಧಾರವಾಡದಲ್ಲೂ ನಾವು ಅಕ್ಕೋರು ಎನ್ನುತ್ತಿದ್ದೆವಾದ್ದರಿಂದ ಇದೊಂದು ನನಗೆ ಕಷ್ಟವಾಗಲಿಲ್ಲ. ಉಳಿದದ್ದೆಲ್ಲ ಕಷ್ಟವೇ. ಬೆನ್ ಯಾವ ಉತ್ತರಕ್ಕೂ 'ಸಾರು' ಎನ್ನುತ್ತಿದ್ದರು. 'ಒಳ್ಳೆಯದು' ಎಂದು ಅರ್ಥವಂತೆ. ನನಗೆ ಹಸಿವಾಗುತ್ತಿತ್ತು, ಅಷ್ಟೇ.

ಆ ಶಾಲೆಯಲ್ಲಿ ಕಲಿಯುವುದೆಂದರೆ ಕಿರುಚುವುದು. ಸೋಮವಾರ ಉಗುರು ಮತ್ತು ಕರವಸ್ತ್ರದ ತಪಾಸಣೆ. ಕರವಸ್ತ್ರ ಒಂದೇ ಇದ್ದರೂ ಸಾಕು, ಅದು ಬೆಂಚಿನಡಿಯಿಂದ ಸಾಗುತ್ತಾ ಇಡೀ ಸಾಲಿನ ಮಾನ ಕಾಯುತ್ತಿತ್ತು. ಆಮೇಲೆ ಮಗ್ಗಿ. ನಮ್ಮ ಕೋಣೆಗೂ ಪಕ್ಕದ ಕೋಣೆಗೂ ನಡುವೆ ಬರೀ ತಗಡಿನ ತಡಿಕೆ. ಈ ಕಡೆ ನಾವು ಏಳರ ಮಗ್ಗಿ ಒದರುತ್ತಿದ್ದರೆ ಆ ಕಡೆಯವರು ಎರಡರದ್ದು ಒದರುತ್ತಿದ್ದರು. ಯಾರ ಗಂಟಲು ದೊಡ್ಡದೋ ಅವರ ಲೆಕ್ಕ ಸರಿ. ಬುಧವಾರ ಚಿತ್ರಕಲೆ. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ಗುಡಿಸಲು. ಸುತ್ತ ಎಲ್ಲಿ ನೋಡಿದರೂ ಅಂಗೈಯಷ್ಟು ಸಪಾಟಾದ ಆ ಊರಿನಲ್ಲಿ ಒಬ್ಬ ಹುಡುಗನೂ ಗುಡ್ಡ ಕಂಡವನಲ್ಲ, ಆದರೂ ಪ್ರತಿ ಬುಧವಾರ ಎರಡೆರಡು ಗುಡ್ಡ ಎಬ್ಬಿಸುತ್ತಿದ್ದರು. ನಾನೊಮ್ಮೆ ನಮ್ಮ ಓಣಿಯ ನೀರಿನ ಟಾಕಿ ಬರೆದೆ. ಬೆನ್ ಅದರ ಮೇಲೆ ಎರಡು ಗುಡ್ಡ ಬರೆದು ಕೊಟ್ಟರು.

ಶನಿವಾರ ಬೆಳಗಿನ ಶಾಲೆ, ಬಿಳಿ ಬಟ್ಟೆ, ಕೊನೆಗೆ ಬಾಳಸಭಾ. ಮಕ್ಕಳ ಪ್ರತಿಭೆ ಹೊರಗೆ ಬರಲಿ ಎಂದು ಸರ್ಕಾರವೋ ಯಾರೋ ಮಾಡಿಟ್ಟ ಸಭೆ. ಪ್ರತಿ ವಾರ ಕೆಲವರು ಮುಂದೆ ಬಂದು, ಬೆನ್ ಕೊಟ್ಟ ವಿಷಯದ ಮೇಲೆ, ಬೆನ್ ಬರೆಸಿದ ವಾಕ್ಯಗಳನ್ನು, ಬೆನ್ ಕಲಿಸಿದ ರಾಗದಲ್ಲಿ ಒಪ್ಪಿಸುತ್ತಿದ್ದರು. ಹೀಗೆ ಪ್ರತಿಭೆ ಹೊರಗೆ ಬರುತ್ತಿತ್ತು. ಆಕಳು, ನವಿಲು, ದೀಪಾವಳಿ, ನನ್ನ ಮನೆ, ಏನೇ ಇರಲಿ, ಪ್ರತಿ ವಾಕ್ಯದ ಬಾಲಕ್ಕೂ ಒಂದು ಛೇ.

ಆ ಮಾತು ನನ್ನನ್ನು ಎಷ್ಟು ಕುಗ್ಗಿಸಿತ್ತೆಂದರೆ ಮೊದಲ ದಿನವೇ ಅಳುತ್ತಾ ಮನೆಗೆ ಹೋಗಿದ್ದೆ. ಬೆನ್ ನನ್ನ ಭುಜ ಹಿಡಿದು ತರಗತಿಗೆ ತೋರಿಸಿ "ಆ ಛೋಕರೀ ನವೀ ಛೇ" ಎಂದಿದ್ದರು. ಹೊಸ ಹುಡುಗಿ, ಛೇ. ನಮ್ಮ ಮನೆಯಲ್ಲಿ ಛೇ ಅನ್ನುವುದು ದೊಡ್ಡ ಅಪರಾಧ. ಹಳಸಿದ ಅನ್ನಕ್ಕೂ ಅನ್ನುವಂತಿಲ್ಲ, ಭಿಕ್ಷೆಗೆ ಬಂದವರಿಗೂ ಅನ್ನುವಂತಿಲ್ಲ. ಅಂದರೆ ಅವ್ವ ಬಾಯಿಯ ಮೇಲೆ ಎರಡು ಬೆರಳಿನಿಂದ ಪಟ್ಟನೆ ಹೊಡೆಯುತ್ತಿದ್ದಳು. ಇಲ್ಲಿ ನೋಡಿದರೆ ಅಕ್ಕೋರೇ ಮಕ್ಕಳಿಗೆ ರಾಗ ಹಾಕಿ ಕಲಿಸುತ್ತಿದ್ದಾರೆ.

ಬಿಡಿಸಿ ಹೇಳಿದವನು ತಮ್ಮ. ಅವನು ಓಣಿಯಲ್ಲಿ ಗೋಲಿ ಆಡುತ್ತಾ ಮೂರು ವಾರದಲ್ಲಿ ಆ ಭಾಷೆಯನ್ನು ಬಯ್ಗುಳ ಸಮೇತ ನುಂಗಿ ಕೂತಿದ್ದ. "ಏ ಹುಚ್ಚಿ, ಛೇ ಅಂದ್ರ 'ಐತಿ' ಅಂತ. ಗಾಯ್ ಛೇ ಅಂದ್ರ ಆಕಳಾ ಐತಿ" ಎಂದ. ತನ್ನ ಚಡ್ಡಿಯ ಗುಂಡಿ ಹಾಕಲು ಬಾರದವನಿಂದ ಪಾಠ ಹೇಳಿಸಿಕೊಂಡದ್ದು ನನಗೆ ಸಿಟ್ಟು ತರಿಸಿತು. ಆದರೂ ಒಪ್ಪಿಕೊಂಡೆ. ಮುಂದಿನ ದಿನಗಳಲ್ಲಿ ಪುಸ್ತಕ ಛೇ, ಕಿಟಕಿ ಕಂಡರೆ ಬಾರಿ ಛೇ, ಕಾಗೆ ಕಂಡರೆ ಕಾಗಡೋ ಛೇ ಎಂದು ಮೆಲ್ಲಗೆ ಗೊಣಗಿ ಗೊಣಗಿ ನಾಲಿಗೆಯನ್ನು ಪಳಗಿಸಿದೆ. ಆಕಳ ವಿಷಯ ಬಂದರೆ ಗೆದ್ದೆ ಅಂದುಕೊಂಡೆ. ಬೇಕಾದರೆ ನಾಲ್ಕು ಕಾಲಿನ ಜೊತೆಗೆ ಬಾಲ, ಕೋಡು ಎಲ್ಲ ಸೇರಿಸಿ ಹೇಳಲು ತಯಾರಾಗಿದ್ದೆ.

ಬೆನ್ ನನಗೆ ಕೊಟ್ಟ ವಿಷಯ 'ನನ್ನ ತಾಯಿ'. ಗುಜರಾತಿಯಲ್ಲಿ ತಾಯಿಗೆ 'ಬಾ' ಎನ್ನುತ್ತಾರೆ. ನನ್ನ ಎನ್ನುವುದಕ್ಕೆ 'ಮಾರೀ'. ಇವರು ನನ್ನ ತಾಯಿ ಎನ್ನಬೇಕಾದರೆ, "ಆ ಮಾರೀ ಬಾ ಛೇ."

ಕನ್ನಡ ಬಲ್ಲವರು ಒಮ್ಮೆ ಬಾಯಿ ಬಿಟ್ಟು ಅಂದು ನೋಡಿಕೊಳ್ಳಲಿ. ನಮ್ಮ ಕಡೆ ಹೆಂಗಸರು ಜಗಳ ಹತ್ತಿ ಮೈಮೇಲೆ ಎಚ್ಚರ ತಪ್ಪಿದಾಗ ಆಡುವ ಮಾತು ಅದು. ಊರಿಗೆ ಬರುವ ಮಾರಿ, ಮನೆ ಹಾಳು ಮಾಡುವ ಮಾರಿ. ಅದನ್ನು ನಾನು ಅವ್ವನಿಗೆ ಅನ್ನಬೇಕು. ಅಂದು, ಬಾ ಎಂದು ಕರೆದು, ಕೊನೆಗೆ ಛೇ ಎಂದು ಉಗುಳಬೇಕು. ಅರ್ಥ ಬೇರೆ ಎಂದು ತಲೆಗೆ ಗೊತ್ತಿತ್ತು. ನಾಲಿಗೆಗೆ ಗೊತ್ತಿರಲಿಲ್ಲ. ಆ ಶನಿವಾರ ಮುಂದೆ ಹೋಗಿ ನಿಂತೆ, ಬಾಯಿ ತೆರೆದೆ, ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಬೆನ್ "ಬೋಲ್, ಬೋಲ್" ಎಂದರು. ಅವರು ಕೆಟ್ಟವರೇನಲ್ಲ, ಆದರೆ ಮಗು ಸುಮ್ಮನಿದ್ದರೆ ಅದಕ್ಕೆ ಕಿವಿ ಕೇಳಿಸುವುದಿಲ್ಲ ಎಂದು ನಂಬುವ ಜಾತಿಯವರು; ಪ್ರತಿ ಸಲವೂ ಇನ್ನಷ್ಟು ಜೋರಾಗಿ ಬೋಲ್ ಎಂದರು. ಕೊನೆಗೆ ಕೂರಿಸಿ ಹೆಡ್‌ಮಾಸ್ತರರಿಗೆ ವರದಿ ಒಪ್ಪಿಸಿದರು. ಮುಂದಿನ ಶನಿವಾರ ತಂದೆತಾಯಿ ಇಬ್ಬರೂ ಬರಬೇಕು, ಅವರ ಎದುರಿಗೇ ಕೊನೆಯ ಪರೀಕ್ಷೆ ಎಂದು ಚೀಟಿ ಬಂತು.

ಆ ವಾರವಿಡೀ ಅಪ್ಪ ಊಟಕ್ಕೆ ಕೂತಾಗಲೆಲ್ಲ ನೆಲದ ಭಾಷೆಯ ಮೇಲೆ ಭಾಷಣ ಮಾಡಿದರು. ನನಗೆ ಹಟ, ಕೊಬ್ಬು, ತಲೆಯಲ್ಲಿ ಸಗಣಿ. ಇಷ್ಟು ಸಣ್ಣ ವಾಕ್ಯ ಹೇಳಲಾಗದವಳು ಮುಂದೆ ಏನು ಉದ್ಧಾರವಾಗುತ್ತಾಳೆ. ಆ ಸಣ್ಣ ವಾಕ್ಯ ಯಾವುದೆಂದು ಅವರು ಒಮ್ಮೆಯೂ ಕೇಳಲಿಲ್ಲ. ಅವ್ವ ಜಡೆ ಹಾಕುವಾಗ ಮೆಲ್ಲಗೆ "ಏನಾಗೇತವಾ ನಿನಗ?" ಎಂದಳು. ಅವಳಿಗಂತೂ ನಾನು ಹೇಳುವಂತೆಯೇ ಇರಲಿಲ್ಲ. ಸುಮ್ಮನೆ ತಲೆ ಅಲ್ಲಾಡಿಸಿದೆ; ಜಡೆ ಸೊಟ್ಟಗಾಯಿತು.

ಶನಿವಾರ ಇಬ್ಬರೂ ಬಂದರು. ಅಪ್ಪ ಇಸ್ತ್ರಿ ಮಾಡಿದ ಆಫೀಸಿನ ಶರ್ಟು, ಅವ್ವ ಇಳಕಲ್ ಸೀರೆ. ಗೋಡೆಯ ಪಕ್ಕ ಎರಡು ಕುರ್ಚಿ ಹಾಕಿದ್ದರು. ಅಪ್ಪ ಕೂತರು, ಹೆಡ್‌ಮಾಸ್ತರರು ಕೂತರು, ಅವ್ವ ನಿಂತಳು. ಹೆಡ್‌ಮಾಸ್ತರರಿಗೆ ದಯೆ ಬಂದಿತ್ತೆಂದು ಕಾಣುತ್ತದೆ. ನಾಲ್ಕು ವಾಕ್ಯ ಬೇಡ, ಒಂದೇ ಸಾಕು ಎಂದರು. ಅವ್ವನ ಕಡೆ ಬೆರಳು ತೋರಿಸಿ ನನ್ನನ್ನು ಕೇಳಿದರು, "ಆ ಕೋಣ್ ಛೇ?" ಇವರು ಯಾರು ಎಂದು. ಲೋಕದಲ್ಲಿ ಇರುವ ಅಷ್ಟೂ ವಾಕ್ಯಗಳಲ್ಲಿ ಅವರ ದಯೆಗೆ ಸಿಕ್ಕಿದ್ದು ಅದೇ.

ನಾನು ಅವ್ವನನ್ನು ನೋಡಿದೆ. ಹೊಸ ಊರಿನ ಶಾಲೆಯಲ್ಲಿ ಮಗಳು ಏನೋ ಒಳ್ಳೆಯದು ಹೇಳುತ್ತಾಳೆಂದು ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದಳು. ನನಗೆ ಅಳು ಬಂತು. ಬೆನ್ ಬೋಲ್ ಎಂದರು. ಹಿಂದಿನ ಬೆಂಚಿನವರು ಕಿಸಿಕಿಸಿ ನಕ್ಕರು. ಹೆಡ್‌ಮಾಸ್ತರರು ತಲೆಯಾಡಿಸಿ, ನನ್ನ ಪಾಟಿಚೀಲವನ್ನು ಒಂದನೇ ತರಗತಿಗೆ ಒಯ್ಯುವಂತೆ ಜವಾನನಿಗೆ ಕೈ ಮಾಡಿದರು. ಅಪ್ಪ ಹಲ್ಲು ಕಚ್ಚಿಕೊಂಡು "ಮಾನಾ ಕಳದಿ" ಎಂದರು.

ಅವ್ವ ಯಾರನ್ನೂ ಕೇಳದೆ ನಡೆದು ಬಂದು ನನ್ನ ಎದುರು ನಿಂತಳು.

"ಯಾಕ ಸುಮ್ಮನ ನಿಂತಿ? ಬರಂಗಿಲ್ಲೇನು?"

"ಬರತೈತಿ," ಎಂದೆ. "ಅಂದ್ರ ನಿನಗ ಬೈದಂಗ ಆಗತೈತಿ."

"ಏನ ಅನ್ನಬೇಕು, ಹೇಳು."

ಅವಳ ಕಿವಿಗೆ ಮಾತ್ರ ಕೇಳುವಂತೆ, ಒಂದೊಂದೇ ಬಿಡಿಸಿ ಹೇಳಿದೆ. ಆ ಮಾರಿ. ಬಾ. ಛೇ. ಇವರ ಭಾಷೆಯಲ್ಲಿ ಇದಕ್ಕೆ 'ಈಕಿ ನಮ್ಮವ್ವ' ಎಂದು ಅರ್ಥ ಎಂದೂ ಹೇಳಿದೆ.

ಅವ್ವ ನಗುತ್ತಾಳೆ ಅಥವಾ ಬಾಯಿಗೆ ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಎರಡೂ ಮಾಡಲಿಲ್ಲ. ನನ್ನ ಕೆನ್ನೆ ಒರೆಸಿದಳು. ಆಮೇಲೆ, ನನಗಷ್ಟೇ ಅಲ್ಲ, ಗೋಡೆಯ ಪಕ್ಕದ ಕುರ್ಚಿಯವರೆಗೂ ಕೇಳುವಷ್ಟು ದನಿಯಲ್ಲಿ, ಸಾವಕಾಶವಾಗಿ ಹೇಳಿದಳು.

"ಅನ್ನವಾ. ನಿಮ್ಮಪ್ಪನ ಮನ್ಯಾಗ ಕಾಲಿಟ್ಟ ದಿನದಿಂದ ಇದ ಮಾತು ಕೇಳಕೋತ ಬಂದೇನಿ. ನಿಮ್ಮಪ್ಪ ಬಾಜೂಕ ಕುಂತು ಊಟಾ ಮಾಡಕೋತ ಕೇಳತಿದ್ರು. ಅಲ್ಲೆ ಅಂದವರಿಗೆ ಅದರಿಂದ ಏನೂ ಬರಲಿಲ್ಲ. ಇಲ್ಲೆ ಅಂದ್ರ ನಿನ್ನ ಮೂರನೇತ್ತಾಗ ಕುಂಡರಸತಾರ. ಅನ್ನು."

ಆ ಕೋಣೆಗೆ ಕನ್ನಡ ತಿಳಿಯುತ್ತಿರಲಿಲ್ಲ. ತಾಯಿ ಮಗಳಿಗೆ ಧೈರ್ಯ ಹೇಳುತ್ತಿದ್ದಾಳೆಂದು ಬೆನ್ ಮೆಚ್ಚಿ ತಲೆದೂಗಿದರು. ಅಪ್ಪ ಎದುರಿನ ಗೋಡೆಯ ಮೇಲೆ ಬರೆದಿದ್ದ ಪ್ರಾರ್ಥನೆಯನ್ನು ಬಹಳ ಗಮನವಿಟ್ಟು ಓದತೊಡಗಿದರು. ಅವರಿಗೆ ಆ ಲಿಪಿಯ ಒಂದಕ್ಷರವೂ ಬರುತ್ತಿರಲಿಲ್ಲ.

ನನ್ನ ಅಳು ನಿಂತಿತ್ತು. ಸಿಟ್ಟು ಎದ್ದಿತ್ತು, ಸಿಟ್ಟಿಗೆ ಮಾತು ಚೆನ್ನಾಗಿ ಬರುತ್ತಿತ್ತು. ಕೈಕಟ್ಟಿ, ನೆಟ್ಟಗೆ ನಿಂತು, ಆ ವಾಕ್ಯವನ್ನು ಗಟ್ಟಿಯಾಗಿ, ಅಪ್ಪನ ಮುಖ ನೋಡುತ್ತಾ ಹೇಳಿದೆ. ಹೆಡ್‌ಮಾಸ್ತರರು "ಸರಸ್" ಎಂದರು, ಭೇಷ್ ಎಂದು. ತರಗತಿ ಚಪ್ಪಾಳೆ ತಟ್ಟಿತು. ಚೀಲ ಮರಳಿ ನನ್ನ ಬೆಂಚಿಗೆ ಬಂತು. ಅಪ್ಪ ಮಾತ್ರ ಗೋಡೆಯಿಂದ ಕಣ್ಣು ತೆಗೆಯಲಿಲ್ಲ.