ಮೂಸಕುಂಞಿ ಸಾಕಿದ ನಂಗ್

ಪುತ್ತೂರು ಬಳಿಯ ಸವಣೂರಿನ ಮೂಸಕುಂಞಿ ಮೂವತ್ತೆರಡು ವರ್ಷ ಮೀನು ಮಾರಿದವರು. ಮೊದಲು ಸೈಕಲ್ಲಿನಲ್ಲಿ, ಆಮೇಲೆ ಬೈಕಿನಲ್ಲಿ, ಕೊನೆಗೆ ಪೇಟೆಯ ಕಟ್ಟೆಯಲ್ಲಿ. ಮೊಣಕಾಲು ಕೈಕೊಟ್ಟ ಮೇಲೆ ಮನೆಯಲ್ಲಿ ಕೂತರು. ಕೂತರೇನು, ಮೀನಿನ ಹುಚ್ಚು ಬಿಡಬೇಕಲ್ಲ. ಚಾವಡಿಯಲ್ಲಿ ಗಾಜಿನ ತೊಟ್ಟಿ ಇಟ್ಟು ಬಣ್ಣದ ಮೀನು ಸಾಕತೊಡಗಿದರು.

ಹೋದ ವರ್ಷ ಪುತ್ತೂರಿನಲ್ಲಿ ಕಿಶನ್‌ನ ಅಕ್ವೇರಿಯಂ ಅಂಗಡಿಗೆ ಹೋದಾಗ ಒಂದು ತೊಟ್ಟಿಯ ತಳದಲ್ಲಿ ಅವರ ಕಣ್ಣು ನಿಂತಿತು. ಮೂರು ಬೆರಳಗಲದ ಚಪ್ಪಟೆ ಮೀನು, ಎರಡು ಕಣ್ಣೂ ಒಂದೇ ಮಗ್ಗುಲಿಗೆ. ತಾನು ದಿನವೂ ಚರ್ಮ ಸುಲಿದು ಫ್ರೈಗೆ ಕೊಡುತ್ತಿದ್ದ ಕಡಲ ನಂಗಿನದ್ದೇ ರೂಪ. ಇದು ಯಾವುದೋ ದೇಶದ ಹೊಳೆಯದ್ದು, ಸಿಹಿನೀರಿನಲ್ಲೇ ಇರುತ್ತದೆ ಎಂದ ಕಿಶನ್, ಮಾರಲು ಮಾತ್ರ ಹಿಂಜರಿದ.

"ಬೇಡ ಮೂಸಾಕ. ನಾಲ್ಕು ಜನ ಕೊಂಡುಹೋದ್ರು, ಒಂದೂ ತಿಂಗಳು ದಾಟ್ಲಿಲ್ಲ."

ಆ ಮಾತು ಮೂಸಕುಂಞಿಗೆ ನಾಟಿತು. ತನ್ನ ಕತ್ತಿಯಡಿ ಹೋದ ನಂಗುಗಳಿಗೆ ಲೆಕ್ಕವಿಲ್ಲ. ಒಂದನ್ನಾದರೂ ಬದುಕಿಸಲು ತನ್ನಿಂದಾಗದೆ? ಹಟ ಹಿಡಿದು ತಂದರು. ಮಸಾಲೆ ಅರೆಯಲೋ ಎಂದು ಹೆಂಡತಿ ಝುಬೈದಾ ನಕ್ಕರು.

ಮೊದಲ ತಪ್ಪು ಅದೇ ದಿನ ಆಯಿತು. ಕಿಶನ್ ಹೇಳಿದ್ದನ್ನು ಕಿವಿ ಕೇಳಿತ್ತು, ಕೈ ಕೇಳಬೇಕಲ್ಲ. ನಂಗ್ ಎಂದರೆ ಕಡಲು, ಕಡಲೆಂದರೆ ಉಪ್ಪು ಎಂದು ತೊಟ್ಟಿಗೆ ನಾಲ್ಕು ಮುಷ್ಟಿ ಕಲ್ಲುಪ್ಪು ಎರಚಿಬಿಟ್ಟರು. ಸ್ವಲ್ಪ ಹೊತ್ತಿಗೆ ತಳದ ಮೀಸೆಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡತೊಡಗಿದವು. ಬೈಯುತ್ತಲೇ ಬಾವಿಯಿಂದ ಕೊಡ ಹೊತ್ತು ನೀರು ಬದಲಿಸಿದವರು ಝುಬೈದಾ.

ತೊಟ್ಟಿಯ ತಳದ ಹರಳುಕಲ್ಲಿನಲ್ಲಿ ನಂಗ್ ಹುದುಗಲಾರದು ಎಂದು ಕಂಡು, ಕುಮಾರಧಾರೆ ಹೊಳೆಯ ಮರಳನ್ನು ಜರಡಿ ಹಿಡಿದು ತೊಳೆದು ಹಾಸಿದರು. ನಂಗ್ ಅದರೊಳಗೆ ಹೊಕ್ಕಿತು, ಆದರೆ ಉಣ್ಣಲಿಲ್ಲ. ಉಣ್ಣಲು ಸಿಕ್ಕಿದರಲ್ಲವೇ? ಹಾಕಿದ್ದನ್ನೆಲ್ಲ ಮೇಲಿನ ಮೀನುಗಳು ಅರ್ಧ ದಾರಿಯಲ್ಲೇ ನುಂಗುತ್ತಿದ್ದವು. ಎರಡು ವಾರಕ್ಕೆ ನಂಗಿನ ಮುಳ್ಳು ಎದ್ದು ಕಂಡಿತು. ಬೇರೆಯವರಿಗಾದರೆ ಸಮಾಧಾನ ಹೇಳಬಹುದಿತ್ತು. ನೋಟದಲ್ಲೇ ಮೀನು ಅಳೆಯುವ ಮನುಷ್ಯ ತನಗೆ ತಾನೇ ಎಂತ ಸುಳ್ಳು ಹೇಳುವುದು? ಅವರಿಗೆ ನಿಜಕ್ಕೂ ಅಳು ಬಂತು.

ಆಗ ನೆನಪಾದವು ಕಟ್ಟೆಯ ಬೆಕ್ಕುಗಳು. ಬುಟ್ಟಿ ಬಿಚ್ಚುವ ಮೊದಲು ಹಿತ್ತಲ ಕಡೆಗೆ ನಾಲ್ಕು ಬೂತಾಯಿ ಮೀನಿನ ತಲೆ ಎಸೆದರೆ ಬೆಕ್ಕುಗಳೆಲ್ಲ ಅತ್ತ. ಇತ್ತ ವ್ಯಾಪಾರ ನಿರಾತಂಕ. ಅದನ್ನೇ ಇಲ್ಲೂ ಮಾಡಿದರು. ಎಡಮೂಲೆಯಲ್ಲಿ ತಿಂಡಿ ಉದುರಿಸಿದರು. ಇಡೀ ತೊಟ್ಟಿಯೇ ಅಲ್ಲಿಗೆ ಓಡಿತು. ಬಲಮೂಲೆಯಲ್ಲಿ ಕೊಳವೆಯೊಳಗಿಂದ ಬಾಳೆಬುಡದ ಎರೆಹುಳು ಮರಳಿಗಿಳಿಯಿತು. ಮರಳು ಅಲುಗಿತು, ಹುಳು ಮಾಯವಾಯಿತು. ಮೂಸಕುಂಞಿ ಕೂಗಿದ ಕೂಗಿಗೆ ಝುಬೈದಾ ಸೌಟು ಹಿಡಿದೇ ಓಡಿಬಂದರು.

ಎಂಟು ತಿಂಗಳ ಮೇಲೆ ಸವಣೂರಿಗೆ ಏನೋ ಕೆಲಸದ ಮೇಲೆ ಬಂದ ಕಿಶನ್ ಮನೆಗೆ ಇಣುಕಿದ. ತೊಟ್ಟಿಯನ್ನು ಈ ತುದಿಯಿಂದ ಆ ತುದಿಗೆ ನೋಡಿದ. ತಳದಲ್ಲಿ ಬರೀ ಮರಳು. ಪಾಪ, ಅವನ ಮುಖ ಸಣ್ಣದಾಯಿತು.

"ಬೇಜಾರು ಮಾಡ್ಬೇಡಿ ಮೂಸಾಕ. ಅದನ್ನು ಉಳಿಸುದು ಯಾರಿಂದಲೂ ಆಗುದಿಲ್ಲ."

ಮೂಸಕುಂಞಿ ಎದ್ದು ತೊಟ್ಟಿಯ ಮುಚ್ಚಳ ಸರಿಸಿದರು. ಎಡಕ್ಕೆ ತಿಂಡಿ, ಬಲಕ್ಕೆ ಹುಳು. ಕಾವಲಿಯಿಂದ ದೋಸೆ ಎದ್ದ ಹಾಗೆ ಮರಳು ಎದ್ದಿತು, ಮತ್ತು ಅಂಗೈಯಗಲದ ನಂಗ್ ಹೊರಬಂದು ಹುಳುವನ್ನು ನುಂಗಿತು. ಕಿಶನ್ ಚಹಾದ ಲೋಟ ಕೆಳಗಿಟ್ಟು ಗಾಜಿಗೆ ಮೂಗು ತಾಗಿಸಿದ. ಇದು ಹೇಗೆ ಸಾಧ್ಯವಾಯಿತೆಂದು ಎರಡೆರಡು ಸಲ ಕೇಳಿದ.

"ಇಷ್ಟು ವರ್ಷ ನಂಗಿನ ಹೊಟ್ಟೆ ಬಗೆದದ್ದೇ ಮಾರಾಯ," ಎಂದರು ಮೂಸಕುಂಞಿ. "ತುಂಬಿಸಿದ್ದು ಇದೊಂದರದ್ದೇ."

ಹೇಳುವಾಗ ಅವರ ಮುಖ ಹಬ್ಬದ್ದು. ಕಿಶನ್ ಅಲ್ಲಿಂದಲೇ ಗಿರಾಕಿಯೊಬ್ಬರಿಗೆ ಫೋನು ಮಾಡಿ, ನಂಗ್ ಬೇಕಾದರೆ ಮೊದಲು ಸವಣೂರಿಗೆ ಬಂದು ಮೂಸಾಕನಿಂದ ಕಲಿತುಕೊಂಡು ಹೋಗಿ ಎಂದ.