ಘೋಡಗೇರಿಯಲ್ಲಿ ಕಂಬಳಿಯ ಗೋಡೆ

ಬೆಳಗಾವಿಯಿಂದ ಗೋಕಾಕಕ್ಕೆ ಆಗ ಬಸ್ಸಿನ ದರ ಹದಿನೆಂಟು ರೂಪಾಯಿ. ನನ್ನ ಕಂಕುಳಲ್ಲಿದ್ದ ಉದ್ದನೆಯ ಡಬ್ಬಿ ನೋಡಿ ಕಂಡಕ್ಟರ್, "ಬಂದೂಕ ಏನ್ರಿ ಇದು?" ಎಂದ. "ಇದರಾಗ ಒಂದು ಭವನ ಐತ್ರಿ" ಎಂದೆ. "ಹಂಗಾದ್ರ ಲಗೇಜ್ ಹಚ್ಚಬೇಕಾಗ್ತೈತಿ" ಎಂದು ನಕ್ಕು ಮುಂದೆ ಹೋದ.

ತೊಂಬತ್ತರ ದಶಕದ ಕೊನೆಯ ಒಂದು ಡಿಸೆಂಬರ್ ಅದು. ವಾಸ್ತುಶಿಲ್ಪ ಓದಿ ಮುಗಿಸಿ ಎರಡು ವರ್ಷವಾಗಿತ್ತು. ನಾನು ಅಲ್ಲಿಯವರೆಗೆ ಬರೆದದ್ದೆಲ್ಲ ಬೇರೆಯವರು ಕಟ್ಟುವ ಮನೆಗಳ ಬಚ್ಚಲು, ಪಾಯಖಾನೆ ಮತ್ತು ಕಂಪೌಂಡು. ಹುಕ್ಕೇರಿ ತಾಲೂಕಿನ ಘೋಡಗೇರಿಯವರು ಸಮುದಾಯ ಭವನ ಕಟ್ಟಲು ಹೊರಟಿದ್ದರು. ಮದುವೆ, ಶಾಲೆಯ ಕಾರ್ಯಕ್ರಮ, ಮಳೆಗಾಲದಲ್ಲಿ ಕುರಿಯ ಉಣ್ಣೆ ಕೂಡಿಡುವುದು, ಎಲ್ಲಕ್ಕೂ ಅದೊಂದೇ ಸೂರು. ನನ್ನ ನಕ್ಷೆಯಲ್ಲಿ ಸುತ್ತಲಿನ ಕಲ್ಲು, ಸುಣ್ಣದ ಗಚ್ಚು, ಹಂಚಿನ ಮಾಡು, ಮಾಡಿನ ಮಳೆನೀರಿಗೆ ಒಂದು ಟಾಕಿ. ಬೇಸಿಗೆಯಲ್ಲಿ ಫ್ಯಾನ್ ಬೇಡ, ಹಗಲಿನಲ್ಲಿ ದೀಪ ಬೇಡ ಎಂದು ಜಂಬದಿಂದ ಬರೆದುಕೊಂಡಿದ್ದೆ. ಆದರೆ ಊರಿನ ಭವನ ಸಮಿತಿಯ ಮುಂದೆ ಗುತ್ತಿಗೆದಾರನೊಬ್ಬನ ಕಾಂಕ್ರೀಟ್ ಸ್ಲ್ಯಾಬಿನ ನಕ್ಷೆಯೂ ಇತ್ತು. ಎರಡರಲ್ಲಿ ಒಂದನ್ನು ನಾನು ಹೊರಟ ಮೂರನೆಯ ದಿನ ಸಂಜೆ ಆರಿಸುವವರಿದ್ದರು. ನನ್ನದು ಬಿದ್ದುಹೋದರೆ ಮತ್ತೆ ಬಚ್ಚಲುಮನೆಗಳೇ ಗತಿ.

ಗೋಕಾಕದಲ್ಲಿ ಮೊದಲ ದಿನ ಕಲ್ಲು ನೋಡುವುದರಲ್ಲೇ ಕಳೆಯಿತು. ಊರಾಚೆಯ ಖಣಿಯವರು ಒಂದೊಂದು ಕಲ್ಲಿಗೂ ಸುತ್ತಿಗೆ ಬಡಿದು ನನಗೆ ಸದ್ದು ಕೇಳಿಸಿದರು. ಟಣ್ ಎಂದರೆ ಗಟ್ಟಿ, ಬದ್ ಎಂದರೆ ಒಳಗೆ ಬಿರುಕು. ಜಲಪಾತ ನೋಡಲು ಹೋದರೆ ನೀರು ಅಷ್ಟಕ್ಕಷ್ಟೇ ಇತ್ತು. ಆ ಬೇಸರಕ್ಕೆ ಅರ್ಧ ಕಿಲೋ ಕರದಂಟು ಕೊಂಡೆ. ಮನೆಗೆಂದು ಕೊಂಡದ್ದು, ಲಾಡ್ಜಿನಲ್ಲಿ ಮಲಗುವ ಹೊತ್ತಿಗೆ ಪೊಟ್ಟಣ ಹಗುರವಾಗಿತ್ತು.

ಮರುದಿನ ಮೂಡಲಗಿ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಬಸ್ಸು ಅವುಗಳ ಹಿಂದೆ ತೆವಳಿತು. ಸುಣ್ಣದ ಗಚ್ಚು ಬಲ್ಲ ಗೌಂಡಿ ಹಸನಸಾಬರನ್ನು ಕಾಣಬೇಕಿತ್ತು. ಅರವತ್ತರ ಮೇಲಿನ ವಯಸ್ಸು, ಸುಣ್ಣ ತಿಂದು ಬಿರಿದ ಕೈ. ಚಹಾ ತರಿಸಿ ನಕ್ಷೆಯನ್ನು ಕಟ್ಟೆಯ ಮೇಲೆ ಹರವಿ ಬಹಳ ಹೊತ್ತು ನೋಡಿದರು.

"ಸಾಹೇಬ್ರ, ಪಡುವಣ ಗ್ವಾಡಿಗೆ ಒಂದೂ ಕಿಡಕಿ ಇಲ್ಲಲ್ರಿ?"

"ಸಂಜಿ ಬಿಸಲು ಒಳಗ ಬರಬಾರ್ದಂತ ಹಂಗ ಮಾಡೇನ್ರಿ."

"ಘೋಡಗೇರಿ ಬಾಳಗೌಡ ಕಾಕಾರಿಗೆ ತೋರಿಸೀರೇನು?"

"ನಾಳೆ ತೋರಿಸ್ತೇನಿ."

"ಹಂಗಾದ್ರ ನಾಳೆ ನಾನೂ ಬರ್ತೇನಿ" ಎಂದು ಅವರು ನಕ್ಷೆಯನ್ನು ಸುರುಳಿ ಸುತ್ತಿಕೊಟ್ಟರು. ಯಾಕೆ ಎಂದು ಕೇಳಬೇಕಿತ್ತು. ಪಡುವಣ ಗೋಡೆ ಮುಚ್ಚಿರಬೇಕು ಎಂದು ಪುಸ್ತಕದಲ್ಲಿ ಓದಿದವನ ಬಿಗುಮಾನ ಕೇಳಗೊಡಲಿಲ್ಲ.

ಮೂರನೆಯ ದಿನ ನಾವಿಬ್ಬರೂ ಘಟಪ್ರಭಾದಲ್ಲಿ ಬಸ್ಸು ಬದಲಿಸಿ ಹನ್ನೊಂದಕ್ಕೆ ಘೋಡಗೇರಿ ಮುಟ್ಟಿದೆವು. ಬಾಳಗೌಡ ಕಾಕಾ ಜೈನ ರೈತರು. ಭವನಕ್ಕೆ ಜಾಗ ಕೊಟ್ಟವರು, ಸಮಿತಿಯ ಹಿರಿಯರು. ಒಳಗೆ ಹೆಂಡತಿಯೊಡನೆ ಮರಾಠಿ, ಹೊರಗೆ ನಮ್ಮೊಡನೆ ಕನ್ನಡ. ನೀರಿನ ಟಾಕಿ ಅವರಿಗೆ ಹಿಡಿಸಿತು. ಆಮೇಲೆ ಬೆರಳು ನೇರವಾಗಿ ಪಡುವಣ ಗೋಡೆಯ ಮೇಲೆ ಬಂದು ನಿಂತಿತು.

"ನಾವು ಹೊತ್ತು ಮುಳುಗೂದ್ರಾಗ ಉಣ್ಣೂ ಮಂದಿ. ಮದವಿ ಅಂದ್ರ ಕಡೀ ಪಂಕ್ತಿ ಕುಂದ್ರೂದು ಹೊತ್ತು ಇಳಿಯೂ ವ್ಯಾಳ್ಯಾಕ. ಅಂಗೈ ಗೆರಿ ಕಾಣೂತನ ನಮ್ಮ ಊಟ. ಈ ಗ್ವಾಡಿ ಎದ್ರ ಹೊರಗ ಬೆಳಕಿದ್ರೂ ಒಳಗ ಕತ್ತಲಾಗ್ತೈತಿ."

"ಲೈಟ್ ಹಾಕೂಣಲ್ರಿ ಕಾಕಾ."

"ಲೈಟ್ ಹಾಕಿದ್ರ ಹೊತ್ತು ತಿರುಗಿ ಬರ್ತೈತೇನು?"

ಗುತ್ತಿಗೆದಾರನ ನಕ್ಷೆಯಲ್ಲಿ ಪಡುವಣಕ್ಕೆ ನಾಲ್ಕು ದೊಡ್ಡ ಕಿಟಕಿಗಳಿದ್ದವು. ನಾನೂ ಪೆನ್ಸಿಲ್ ತೆಗೆದು ಕಿಟಕಿ ಗೀಚತೊಡಗಿದೆ. ಕುರುಬರ ಕಡೆಯಿಂದ ಸಮಿತಿಯಲ್ಲಿದ್ದ ಲಗಮವ್ವ ತಡೆದಳು. "ಕಿಡಕಿ ಬ್ಯಾಡ್ರಿ. ಮಳಿಗಾಲದಾಗ ಪಡುವಣ ಗಾಳಿ ಮಳೀನ ಅಡ್ಡ ಹೊಡೀತೈತಿ. ನಮ್ಮ ಉಣ್ಣಿ ಎಲ್ಲಾ ತೊಯ್ತೈತಿ." ಅತ್ತ ದರಿ, ಇತ್ತ ಪುಲಿ. ನಾನು ಪೆನ್ಸಿಲ್ ಕೆಳಗಿಟ್ಟೆ.

ಹಸನಸಾಬರು ಎದ್ದು ನಿಂತರು. "ಕಾಗದದ ಮ್ಯಾಲ ಎಷ್ಟು ಬಡದಾಡ್ತೀರಿ? ಗ್ವಾಡಿ ಎಬ್ಬಿಸೂಣು ನಡೀರಿ."

ಎಬ್ಬಿಸಿಯೇ ಬಿಟ್ಟೆವು. ಖಾಲಿ ಜಾಗದಲ್ಲಿ ಬೂದಿಯಿಂದ ಗೆರೆ ಎಳೆದು ಭವನದ ಒಂದು ತುದಿಯನ್ನು ನಿಜ ಅಳತೆಯಲ್ಲೇ ಗುರುತಿಸಿದೆವು. ಬಿದಿರು ನೆಟ್ಟೆವು. ಕುರುಬರ ಮನೆಗಳಿಂದ ಕರಿಯ ಕಂಬಳಿಗಳು ಬಂದವು, ಹಗ್ಗಕ್ಕೆ ತೂಗಿ ಮೂರು ಕಡೆ ಗೋಡೆಯಾದವು. ಮೇಲೆ ಮಳೆಗೆ ಹೊದಿಸುವ ತಾಡಪತ್ರಿಯ ಮಾಡು. ಕಂಬಳಿಯ ಉಣ್ಣೆಯ ವಾಸನೆ ಮೂಗಿಗೆ ಹೊಡೆಯುತ್ತಿದ್ದರೂ ನನ್ನ ನಕ್ಷೆಯೊಳಗೆ ನಾನೇ ಮೊದಲ ಸಲ ನಡೆದಾಡಿದ ಖುಷಿ ಹೇಳತೀರದು. ಐದೂವರೆಗೆ ಕಾಕಾರ ಮನೆಯಿಂದ ರೊಟ್ಟಿ, ಹೆಸರುಕಾಳಿನ ಪಲ್ಯ, ಗೋಧಿ ಹುಗ್ಗಿ ಬಂದವು. ಉಳ್ಳಾಗಡ್ಡಿ ಇಲ್ಲ, ಬಳ್ಳೊಳ್ಳಿ ಇಲ್ಲ, ರುಚಿಗೇನೂ ಕೊರತೆಯಿಲ್ಲ ಎಂದು ವಾಸನೆಯೇ ಹೇಳುತ್ತಿತ್ತು.

ಕಾಕಾ ಪಡುವಣ ಗೋಡೆಯ ಬುಡದಲ್ಲೇ ಕುಳಿತರು. ಹೊರಗೆ ಕಬ್ಬಿನ ಮೇಲೆ ಇನ್ನೂ ಬಿಸಿಲಿತ್ತು. ಅವರು ಅಂಗೈ ಬಿಡಿಸಿ ಕಣ್ಣಿನ ಹತ್ತಿರ ಹಿಡಿದರು.

"ಗೆರಿ ಕಾಣವಲ್ವು" ಎಂದು ಕೈಯನ್ನು ಮಡಿಲಲ್ಲಿಟ್ಟುಕೊಂಡರು. ಎದುರಿನ ತಾಟು ಹಾಗೆಯೇ ಇತ್ತು. ಹೊತ್ತು ಮುಳುಗಿಬಿಟ್ಟರೆ ಅವರ ಊಟವೂ ಹೋಯಿತು, ನನ್ನ ಭವನವೂ ಹೋಯಿತು.

ಲಗಮವ್ವ ಎದ್ದು ಪಡುವಣ ಕಂಬಳಿಯ ಮೇಲಿನ ಹಗ್ಗ ಬಿಚ್ಚಿದಳು. ಅದನ್ನು ಒಂದು ಮೊಳ ಕೆಳಗಿಳಿಸಿ ಮತ್ತೆ ಕಟ್ಟಿದಳು. ಕಂಬಳಿಗೂ ಮಾಡಿಗೂ ನಡುವೆ ಬಿಟ್ಟ ಆ ಮೊಳದಗಲದ ಸಂದಿಯಿಂದ ಹೊಂಬಣ್ಣದ ಬೆಳಕು ಎಲ್ಲರ ತಲೆಯ ಮೇಲಿನಿಂದ ಹಾದು, ಒಳಗೆಲ್ಲ ಹರಡಿ, ತಾಟುಗಳವರೆಗೂ ಇಳಿಯಿತು.

"ಕುರಿ ಹಿಂದ ಅಡವ್ಯಾಗ ಬೀಡು ಬಿಟ್ಟಾಗ ನಾವು ಹಿಂಗ ಕಟ್ಟೂದ್ರಿ. ಗಾಳಿಗೆ ತೆಳಗ ಮುಚ್ಚಬೇಕು, ಹೊಗಿಗೆ ಮ್ಯಾಲ ಬಿಡಬೇಕು" ಎಂದಳು.

"ಮಳಿ ಬಂದ್ರ?" ಎಂದೆ. ಹಸನಸಾಬರು ತಾಡಪತ್ರಿಯ ಅಂಚನ್ನು ಹೊರಕ್ಕೆ ಎರಡು ಮೊಳ ಎಳೆದು ಹಿಡಿದರು. "ಹಂಚು ಇಷ್ಟು ಮುಂದ ಬಿಟ್ರ ಮಳಿ ಒಳಗ ಬರೂದಿಲ್ಲ." ಎಳೆದ ಮೇಲೂ ಬೆಳಕು ಕಡಿಮೆಯಾಗಲಿಲ್ಲ. ಮಧ್ಯಾಹ್ನದ ಬಿಸಿಲನ್ನು ತಡೆಯುವ ಮಾಡಿನ ಕೆಳಗಿನಿಂದಲೇ ಮುಳುಗುವ ಸೂರ್ಯ ಒಳಗೆ ನುಸುಳುತ್ತಾನೆ ಎಂಬುದು ನನಗೆ ಆಗ ಹೊಳೆಯಿತು. ನಾನು ಐದು ವರ್ಷ ಕಲಿತದ್ದಕ್ಕೆ ಆ ಒಂದು ಮೊಳ ಸೇರಬೇಕಿತ್ತು.

ಕಾಕಾ ಮತ್ತೆ ಅಂಗೈ ನೋಡಿಕೊಂಡರು. ತಾಟು ಹತ್ತಿರ ಎಳೆದು ರೊಟ್ಟಿ ಮುರಿದರು. "ನೀವೂ ಕುಂದರ್ರಿ ಇಂಜಿನೀರ. ಹೊತ್ತು ಯಾರಿಗೂ ಕಾಯೂದಿಲ್ಲ." ನಾನು ಸಂತೋಷಕ್ಕೆ ಮೂರು ಸಲ ಹುಗ್ಗಿ ಹಾಕಿಸಿಕೊಂಡೆ. ಸ್ಲ್ಯಾಬಿನ ನಕ್ಷೆಯನ್ನು ಯಾರೋ ಆಗಲೇ ಹುಗ್ಗಿಯ ಪಾತ್ರೆಯ ಅಡಿಗೆ ಹಾಸಿದ್ದರು. ನಕ್ಷೆ ಆರಿಸಲು ಸಭೆ ಬೇರೆ ಸೇರಲಿಲ್ಲ.

ಹುಕ್ಕೇರಿಗೆ ಕೊನೆಯ ಟೆಂಪೋ, ಐದು ರೂಪಾಯಿ. ಹಿಂದಿನ ಸೀಟಿನಿಂದ ತಿರುಗಿ ನೋಡಿದೆ. ಮಬ್ಬು ಬೆಳಕಿನಲ್ಲಿ ಹಗ್ಗ ಬಿಚ್ಚುತ್ತಿದ್ದರು. ನನ್ನ ಮೊದಲ ಭವನದ ಪಡುವಣ ಗೋಡೆ ಲಗಮವ್ವನ ಹೆಗಲೇರಿ ಮನೆಯತ್ತ ಹೊರಟಿತ್ತು. ಡಿಸೆಂಬರಿನ ಚಳಿ, ರಾತ್ರಿ ಹೊದೆಯಲು ಬೇಕಲ್ಲ.