ಇಳಿಜಾರಿನ ಪಾಠ

ಅಮೆರಿಕದ ಡಾಲಸ್ ಪಕ್ಕದ ರಿಚರ್ಡ್‌ಸನ್ನಿಗೆ ಓದಲು ಬಂದ ಕನ್ನಡದ ಹುಡುಗ ಹುಡುಗಿಯರಲ್ಲಿ ವೆಂಕಟಗಿರಿ ಅಂಕಲ್ ಹತ್ತಿರ ಬೈಸಿಕೊಳ್ಳದೆ ಲೈಸೆನ್ಸ್ ಪಡೆದವರು ಕಡಿಮೆ. ವಾರವಿಡೀ ಟೆಲಿಕಾಂ ಕಂಪನಿಯಲ್ಲಿ ತಲೆ ತಗ್ಗಿಸಿ ಕೆಲಸ ಮಾಡುವ ಮನುಷ್ಯ, ಶನಿವಾರ ಬೆಳಿಗ್ಗೆ ಖಾಲಿ ಪಾರ್ಕಿಂಗ್ ಲಾಟಿಗೆ ಬಂದರೆ ದೂರ್ವಾಸ ಮುನಿ. ಕಲಿಸಿದ್ದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ, ಬಾಯಿಗೆ ಬಂದಂತೆ ಬೈಯುವ ಹಕ್ಕೊಂದನ್ನು ಮಾತ್ರ ಇಟ್ಟುಕೊಂಡಿದ್ದರು. "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಲ್ಲ, ನಿರುಪಮಾ" ಎಂದು ನನಗೆ ಹೇಳಿದ್ದನ್ನು ಸತ್ತರೂ ಮರೆಯುವುದಿಲ್ಲ. ಪಾಠ ಮುಗಿದ ಮೇಲೆ ಮನೆಗೆ ಕರೆದೊಯ್ದು ಹೆಂಡತಿ ಸರೋಜಾ ಆಂಟಿಯಿಂದ ಬಿಸಿ ಉಪ್ಪಿಟ್ಟು ಹಾಕಿಸುತ್ತಿದ್ದರು. ಬೈಗುಳ ಅಲ್ಲಿಗೆ ಜೀರ್ಣವಾಗುತ್ತಿತ್ತು.

ಅವರದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಪಾಠಕ್ಕೆ ಹೊರಟರೆ ಅವರ ಫೋನು ಮನೆಯಲ್ಲೇ ಉಳಿಯಬೇಕು, ನಮ್ಮದು ಡಿಕ್ಕಿ ಸೇರಬೇಕು. ಸ್ಟಿಯರಿಂಗ್ ಹಿಡಿದವರ ಪಕ್ಕ ಫೋನು ಇದ್ದರೆ ಶನಿ ಹೆಗಲೇರಿದಂತೆ ಎನ್ನುತ್ತಿದ್ದರು.

ಒಬ್ಬಳೇ ಮಗಳು ಸಂಹಿತಾ, ಅಂಕಲ್ ಬಾಯಲ್ಲಿ ಪುಟ್ಟಿ, ಆಸ್ಟಿನ್ನಿನಲ್ಲಿ ಕೆಲಸದಲ್ಲಿದ್ದಳು. ಅವಳಿಗೂ ಡ್ರೈವಿಂಗ್ ಕಲಿಸಿದವರು ಅವರೇ, ಅದೇ ಲಾಟಿನಲ್ಲಿ. ೨೦೦೬ರ ಬೇಸಿಗೆಯಲ್ಲಿ ಅವಳು ಗೆಳತಿ ಹರ್ಷಿಣಿಯ ಜೊತೆ ಯೂರೋಪಿನ ಮಾಂಟೆನೆಗ್ರೊ ದೇಶಕ್ಕೆ ಹೋದಳು. ಆ ಬೆಟ್ಟ ಕಣಿವೆಗಳ ನಡುವೆ ಕಾರು ಓಡಿಸಬೇಕೆಂಬುದು ಅವಳ ಬಹುದಿನದ ಆಸೆ. ಗೇರಿನ ಕಾರು ಬೇಡವೆಂದು ಹುಡುಕಿ ಹುಡುಕಿ ಆಟೋಮ್ಯಾಟಿಕ್ ಒಂದನ್ನು ಬಾಡಿಗೆಗೆ ಹಿಡಿದಿದ್ದಳು. ಪಿವಾ ಕಣಿವೆಗೆ ಇಳಿಯುವ ರಸ್ತೆಯಲ್ಲಿ ಬ್ರೇಕ್ ಕಾದು ಕೈಕೊಟ್ಟಿತು. ಹರ್ಷಿಣಿ ಭುಜ ಮುರಿದುಕೊಂಡು ಬದುಕಿದಳು. ಸಂಹಿತಾ ಬದುಕಲಿಲ್ಲ.

ಅಂಕಲ್ ಹರೆಯದಲ್ಲಿ ಟೆಲಿಫೋನ್ ಇಲಾಖೆಯ ಜೀಪನ್ನು ಶಿರಾಡಿ ಘಾಟಿಯಲ್ಲಿ ಓಡಿಸಿದವರು. ಹತ್ತಿದ ಗೇರಿನಲ್ಲೇ ಇಳಿಯಬೇಕು, ಬ್ರೇಕಿನ ಮೇಲೇ ಕಾಲಿಟ್ಟುಕೊಂಡು ಇಳಿದರೆ ಅದು ಸುಟ್ಟುಹೋಗುತ್ತದೆ ಎಂಬುದು ಘಾಟಿಯ ಡ್ರೈವರುಗಳೆಲ್ಲರಿಗೂ ಗೊತ್ತಿದ್ದ ಮಾತು. ಆಟೋಮ್ಯಾಟಿಕ್ ಕಾರಿನಲ್ಲೂ ಅದಕ್ಕೆಂದೇ ಗೇರಿನ ಹಿಡಿಯ ಬಳಿ 'ಎಲ್', ಅಂದರೆ ಲೋ ಗೇರ್, ಎಂಬ ಗುರುತು ಇರುತ್ತದೆ. ಆದರೆ ಡಾಲಸ್ ಸುತ್ತಮುತ್ತಲ ನೆಲ ದೋಸೆ ಕಾವಲಿಯಂತೆ ಸಮತಟ್ಟು. ಇಲ್ಲಿ ಇಳಿಜಾರಿನ ಪಾಠ ಯಾರಿಗೆ ಬೇಕೆಂದು ಅವರು ಮಗಳಿಗೂ ಹೇಳಿರಲಿಲ್ಲ, ನಮಗೂ ಹೇಳಿರಲಿಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಒಂದು ದಿನ ನನಗೆ ಫೋನ್ ಮಾಡಿ, ಒಂದು ಪಾಠ ಬಾಕಿ ಇದೆ, ಬಾ ಎಂದರು. ಲೈಸೆನ್ಸ್ ಬಂದಾಯಿತಲ್ಲ ಎಂದರೆ ಕೇಳಲಿಲ್ಲ. ಮಾಲ್ ಪಕ್ಕದ ಪಾರ್ಕಿಂಗ್ ಕಟ್ಟಡದ ನೆತ್ತಿಗೆ ಹತ್ತಿಸಿ, 'ಎಲ್'ಗೆ ಹಾಕಿಸಿ, ಬ್ರೇಕಿನಿಂದ ಕಾಲು ತೆಗೆಸಿ ಕೆಳಗಿಳಿಸಿದರು. ಇಂಜಿನ್ ಗುರುಗುಟ್ಟುತ್ತಾ ಕಾರನ್ನು ತಾನೇ ಹಿಡಿದುಕೊಂಡಿತು. ಮತ್ತೆ ಹತ್ತಿಸಿದರು, ಮತ್ತೆ ಇಳಿಸಿದರು. ಆ ದಿನ ಒಂದೂ ಬೈಗುಳ ಬರಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಹಳೆಯ ಶಿಷ್ಯರನ್ನೂ ಹೀಗೇ ಒಬ್ಬೊಬ್ಬರಾಗಿ ಕರೆಸಿಕೊಂಡರು. ಹ್ಯೂಸ್ಟನ್ ಆಚೆಯ ಕೇಟಿ ಊರಿನಿಂದ ಅವಿನಾಶ್ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದು, ಆ ಕಟ್ಟಡ ಇಳಿದು, ಊಟ ಮಾಡಿ ಹೋದ. ಯಾರೂ ನಗಲಿಲ್ಲ.

ಮರುವರ್ಷ ಅಂಕಲ್ ಮಗಳು ಹೋದ ಆ ರಸ್ತೆಯನ್ನು ತಾವೇ ಇಳಿದು ನೋಡಬೇಕೆಂದು ಹಟ ಹಿಡಿದರು. ಆಂಟಿ ಒಲ್ಲೆನೆಂದು ಅತ್ತರು, ಕೊನೆಗೆ ಗಂಡನೊಬ್ಬನನ್ನೇ ಕಳಿಸಲು ಮನಸ್ಸಾಗದೆ ಹೊರಟರು. ಅಲ್ಲಿ ನಡೆದದ್ದನ್ನು ನನಗೆ ಹೇಳಿದವರು ಆಂಟಿಯೇ, ವಾಪಸು ಬಂದ ಮೇಲೆ, ಅಡುಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತಾ.

ಬೆಟ್ಟದ ಮೇಲೆ ಹುಲ್ಲುಗಾವಲು, ಕಡಿದಾದ ಚಾವಣಿಯ ಮರದ ಮನೆಗಳು, ರಸ್ತೆ ಬದಿ ಚೀಸ್ ಮಾರುವ ಮುದುಕಿ. ಇದ್ದಕ್ಕಿದ್ದಂತೆ ನೆಲವೇ ಮುಗಿದು ರಸ್ತೆ ಬಂಡೆಯೊಳಕ್ಕೆ ನುಗ್ಗುತ್ತದೆ. ದೀಪವಿಲ್ಲದ ಸುರಂಗ, ಸುರಂಗದೊಳಗೇ ತಿರುವು. ಹೊರಗೆ ಬಂದರೆ ಪಕ್ಕದಲ್ಲೇ ಪಾತಾಳ, ತಳದಲ್ಲಿ ಹಸಿರು ನೀರು. ಅಲ್ಲಲ್ಲಿ ಸತ್ತವರ ಮುಖ ಕೆತ್ತಿದ ಕಲ್ಲುಗಳು. ಆಂಟಿ ಒಂದೊಂದು ಮುಖವನ್ನೂ ನೋಡಿದರಂತೆ, ಎಲ್ಲ ಎಳೆಯ ವಯಸ್ಸಿನವರು.

ಅಂಕಲ್ 'ಎಲ್'ಗೆ ಹಾಕಿ ನಿಧಾನವಾಗಿ ಕಣಿವೆಯ ತಳಕ್ಕೆ ಇಳಿಸಿದರು. ನೀರಿನ ಬದಿ ಕಾರು ನಿಲ್ಲಿಸಿ ಚಕ್ರದ ಹತ್ತಿರ ಕೈಯಿಟ್ಟು ನೋಡಿದರು. ಬ್ರೇಕು ಅಷ್ಟೇನೂ ಬಿಸಿ ಇರಲಿಲ್ಲ. ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ ಹಣೆ ಬಡಿದುಕೊಂಡರು.

"ಒಂದು ಅಕ್ಷರ, ಸರೋಜಾ. ಒಂದೇ ಒಂದು ಅಕ್ಷರ ಹೇಳ್ಕೊಟ್ಟಿದ್ರೆ ಮಗು ಉಳೀತಿತ್ತು."

ಒಂದು ವರ್ಷದಿಂದ ಅದುಮಿಟ್ಟುಕೊಂಡಿದ್ದನ್ನು ಆಗ ಆಂಟಿಯಿಂದ ತಡೆಯಲಾಗಲಿಲ್ಲ.

"ಅವಳು ಕೇಳಿದ್ಲು ರೀ. ಅರ್ಧ ಇಳಿದು ಗಾಡಿ ನಿಲ್ಲಿಸಿ ಫೋನ್ ಮಾಡಿದ್ಲು, ಹರ್ಷಿಣಿ ಫೋಟೋ ತೆಗೆಯೋಕೆ ಇಳಿದಿದ್ಲಂತೆ. ಬ್ರೇಕ್ ಸುಟ್ಟ ವಾಸ್ನೆ ಬರ್ತಿದೆ, ಅಪ್ಪಂಗೆ ಕೊಡು ಅಂದ್ಲು. ನೀವು ಪಾಠಕ್ಕೆ ಹೋಗಿದ್ರಿ. ಒಂದು ಗಂಟೆ ಬಿಟ್ಟು ಮಾಡು ಅಂದೆ. ಮೋಡ ಕವೀತಿದೆ, ಮೆಲ್ಲಗೆ ಇಳ್ಕೊಳ್ತೀವಿ ಅಂದ್ಲು."

ಆಂಟಿ ಬೈಗುಳಕ್ಕೆ ಕಾದು ನಿಂತರು. ಅಂಕಲ್ ಕೂತಲ್ಲಿಂದಲೇ ತಲೆಯೆತ್ತಿದರು. "ನನ್ನನ್ನೇ ಕೇಳ್ಬೇಕು ಅನ್ನಿಸ್ತಾ ಅವಳಿಗೆ?" ಎಂದರು. ಹೌದು ಎಂದರು ಆಂಟಿ. ಮಗಳು ಹೋದ ಮೇಲೆ ಇಬ್ಬರೂ ಒಟ್ಟಿಗೆ ಕೂತು ಅತ್ತದ್ದು ಅದೇ ಮೊದಲಂತೆ.

ಇದನ್ನು ಹೇಳುವಾಗ ಆ ದಿನ ಯಾರಿಗೆ ಪಾಠವಿತ್ತೆಂದು ಆಂಟಿ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಆ ಶನಿವಾರ ಎರಡು ಕಾರುಗಳ ನಡುವೆ ನಿಲ್ಲಿಸುವುದು ಬಾರದೆ, ಮತ್ತೆ ಮಾಡು ಮತ್ತೆ ಮಾಡು ಎಂದು ಬೈಸಿಕೊಳ್ಳುತ್ತಿದ್ದವಳು ನಾನೇ. ಆಂಟಿ ಹುರುಳಿಕಾಯಿಯ ತಟ್ಟೆಯನ್ನು ನನ್ನತ್ತ ಸರಿಸಿ, ನಾರು ತೆಗೆ ಮಗು ಎಂದರು. ಕಣ್ಣು ಮಂಜಾಗಿ ನನಗೆ ನಾರು ಕಾಣಿಸಲಿಲ್ಲ.

ಅಂಕಲ್ ಈಗಲೂ ಶನಿವಾರ ಕಲಿಸುತ್ತಾರೆ, ಬೈಗುಳವೂ ಮರಳಿದೆ. ಫೋನು ಮಾತ್ರ ಅಂಗಿಯ ಜೇಬಿನಲ್ಲೇ ಇರುತ್ತದೆ. ಅದು ಬಡಿದುಕೊಂಡರೆ ಪಾಠ ನಿಲ್ಲಿಸಿ, ಯಾರೆಂದೂ ನೋಡದೆ ಎತ್ತುತ್ತಾರೆ. ಮೊನ್ನೆ ಸಾರಿಗೆ ಪುಡಿ ಎಷ್ಟು ಹಾಕಬೇಕೆಂದು ಆಂಟಿಯನ್ನು ಕೇಳಬೇಕಿತ್ತು. ಅವರ ಫೋನು ಸಿಗದೆ ಅಂಕಲ್‌ಗೆ ಮಾಡಿದೆ.

"ಗಾಡಿ ಸೈಡಿಗೆ ಹಾಕಿದ್ದೀಯಾ, ಪುಟ್ಟಿ?" ಎಂದರು.

ನಾನು ಒಲೆಯ ಮುಂದೆ ಸೌಟು ಹಿಡಿದು ನಿಂತಿದ್ದೆ. ಹಾಕಿದ್ದೀನಿ ಅಂಕಲ್, ಎಂದೆ.